ಜಾಕೆಟ್ 1947, ಸ್ಕರ್ಟ್ 1969

(ದತ್ತಿ ಉಪನ್ಯಾಸದ ಲಿಖಿತ ರೂಪ)



ಊರಿನ ಹೆಣ್ಣುಮಕ್ಕಳಿಗೆ ಜೀವಮಾನವಿಡೀ ಹೊಲಿಗೆ ಹೇಳಿಕೊಟ್ಟ ತಾಯಿಯೊಬ್ಬರ ನೆನಪಿಗಾಗಿ ಮಕ್ಕಳು ಇಟ್ಟಿರುವ ದತ್ತಿ ಇದು. ಅಂಥವರ ಹೆಸರಿನಲ್ಲಿ ಉಡುಪಿನ ಬಗ್ಗೆ ಮಾತಾಡುವಾಗ, ತೊಟ್ಟವರ ಚೆಲುವಿಗಿಂತ ಹೊಲಿದವರ ಕೆಲಸದ ಕಡೆಗೆ ಹೆಚ್ಚು ನೋಡಬೇಕು ಅನ್ನಿಸಿತು. ಅದಕ್ಕಾಗಿ ಒಂದೇ ಒಂದು ಉಡುಪನ್ನು ಆರಿಸಿಕೊಂಡಿದ್ದೇನೆ. ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಬಾರಿ ಅಚ್ಚಾದ ಉಡುಪುಗಳಲ್ಲಿ ಇದೊಂದು: ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್ 1947ರಲ್ಲಿ ತಂದ, ಹಗಲು ಹೊತ್ತಿನಲ್ಲಿ ತೊಡುವ ‘ಬಾರ್’ ಸೂಟು. ತೆಳು ಕೆನೆಬಣ್ಣದ ರೇಷ್ಮೆ ಜಾಕೆಟ್, ಕಪ್ಪು ಉಣ್ಣೆಯ ನೆರಿಗೆ ಸ್ಕರ್ಟ್. ಜೊತೆಗೆ ಹ್ಯಾಟು, ಕೈಗವಸು, ಎತ್ತರ ಹಿಮ್ಮಡಿಯ ಶೂ.

ಈ ಸೂಟು ಒಂದೇ ಕಡೆ ಇಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದಿದೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದಿದೆ. ಕೂತ್ಯೂರ್ ಎಂಬ ಪ್ಯಾರಿಸಿನ ಹೊಲಿಗೆ ಪದ್ಧತಿಯಲ್ಲಿ ಇದು ಸಹಜ. ಅಲ್ಲಿ ಒಂದು ಮಾದರಿಯನ್ನು ಮೊದಲು ಪ್ರದರ್ಶಿಸುತ್ತಾರೆ. ಆಮೇಲೆ ಕೇಳಿದ ಗಿರಾಕಿಗಳಿಗೆ ಒಬ್ಬೊಬ್ಬರ ಅಳತೆಗೆ ಬೇರೆ ಬೇರೆಯಾಗಿ, ಬಹುಪಾಲು ಕೈಯಲ್ಲೇ ಹೊಲಿದು ಕೊಡುತ್ತಾರೆ. ಆದ್ದರಿಂದ ಮೂಲ ಯಾವುದು ಎಂದು ಕೇಳಿದರೆ ಒಂದೇ ವಸ್ತುವಿನ ಕಡೆ ಬೆರಳು ತೋರಿಸಲಾಗದು. ನಾನು ಇಂದು ಮಾತಾಡುವುದು ನ್ಯೂಯಾರ್ಕಿನ ಪ್ರತಿಯ ಬಗ್ಗೆ, ಅದರ ದಾಖಲೆಯಲ್ಲಿರುವ ಎರಡು ಸಂಖ್ಯೆಗಳಿಗಾಗಿ.

ಜಾಕೆಟ್ಟಿನ ಸಂಖ್ಯೆ ಸಿ.ಐ.58.34.30. ಸಿ.ಐ. ಎಂದರೆ ಕಾಸ್ಟ್ಯೂಮ್ ಇನ್‌ಸ್ಟಿಟ್ಯೂಟ್, ಆ ಮ್ಯೂಸಿಯಂನ ಉಡುಪಿನ ವಿಭಾಗ. ಮ್ಯೂಸಿಯಂಗಳ ರೂಢಿಯಂತೆ ಓದಿದರೆ, 58 ಎಂದರೆ ವಸ್ತು ಬಂದ 1958ನೆಯ ಇಸವಿ, 34 ಎಂದರೆ ಆ ವರ್ಷ ಬಂದ ಕಾಣಿಕೆಗಳಲ್ಲಿ ಅದರ ಸರದಿ, 30 ಎಂದರೆ ಆ ಕಾಣಿಕೆಯೊಳಗೆ ಅದು ಮೂವತ್ತನೆಯ ವಸ್ತು. ಒಬ್ಬ ಮಹಿಳೆ ಕೊಟ್ಟ ದೊಡ್ಡ ಗಂಟಿನಲ್ಲಿ ಇದೂ ಬಂದಿತ್ತು. ಸ್ಕರ್ಟಿನ ಸಂಖ್ಯೆ ಸಿ.ಐ.69.40. ಅದು ಬಂದದ್ದು 1969ರಲ್ಲಿ, ಕೊಟ್ಟವರು ಡಿಯೋರ್ ಸಂಸ್ಥೆಯವರೇ. ಬಂದದ್ದು ಮಾತ್ರವಲ್ಲ, ಅದನ್ನು ಹೊಲಿದದ್ದೂ 1969ರಲ್ಲೇ, 1947ರ ವಿನ್ಯಾಸವನ್ನು ಇಟ್ಟುಕೊಂಡು.

ಅಂದರೆ ಗಾಜಿನ ಆಚೆ ನಿಂತಿರುವ ಉಡುಪಿನ ಸೊಂಟದಿಂದ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇಪ್ಪತ್ತೆರಡು ವರ್ಷಗಳಿವೆ. ಕೆಳಗಿನ ಭಾಗ ಹೊಲಿಯುವ ಹೊತ್ತಿಗೆ ಡಿಯೋರ್ ಬದುಕಿರಲೂ ಇಲ್ಲ. 1957ರ ಅಕ್ಟೋಬರಿನಲ್ಲಿ ಇಟಲಿಯಲ್ಲಿ ಅವರು ತೀರಿಕೊಂಡಿದ್ದರು. ಸ್ಕರ್ಟ್ ಹೊಲಿದ ಕಾಲಕ್ಕೆ ಸಂಸ್ಥೆಯ ವಿನ್ಯಾಸದ ಹೊಣೆ ಮಾರ್ಕ್ ಬೋಆನ್ ಅವರದು, ಬೀದಿಯಲ್ಲಿ ಮಿನಿಸ್ಕರ್ಟಿನ ಕಾಲ. ಮೊಣಕಾಲಿನ ಮೇಲೆ ನಿಲ್ಲುವ ಸ್ಕರ್ಟುಗಳನ್ನು ಹೊಲಿಯುತ್ತಿದ್ದ ಸಂಸ್ಥೆಯಲ್ಲಿ ಯಾರೋ ಕೆಲವರು ಕೂತು, ಮೊಣಕಾಲಿನಿಂದ ಬಹಳ ಕೆಳಗಿಳಿಯುವ, ಮಡಿಕೆಯ ಮೇಲೆ ಮಡಿಕೆಯಾಗಿ ಬೀಳುವ ಹಳೆಯ ನೆರಿಗೆಯನ್ನು ಮತ್ತೆ ಹಿಡಿದರು. ಆ ಕೈಗಳ ಬಗ್ಗೆ ನನಗೆ ತುಂಬ ಗೌರವವಿದೆ.

ಇನ್ನು 1947ಕ್ಕೆ ಹೋಗೋಣ. ಅದು ಯುರೋಪಿನಲ್ಲಿ ಕಡು ಚಳಿಯ, ಕಲ್ಲಿದ್ದಲು ಸಿಗದ ಫೆಬ್ರುವರಿ. 12ನೆಯ ತಾರೀಖು ಬೆಳಿಗ್ಗೆ, ಮೊಂತೇನ್ ಅವೆನ್ಯೂವಿನ 30ನೆಯ ನಂಬರಿನ ಮನೆಯಲ್ಲಿ ಡಿಯೋರ್ ತಮ್ಮ ಹೆಸರಿನ ಮೊದಲ ಸಂಗ್ರಹವನ್ನು ತೋರಿಸಿದರು. ಅವರಿಗಾಗ 42 ವರ್ಷ. ಅಲ್ಲಿಯವರೆಗೆ ಬೇರೆಯವರ ಕೈಕೆಳಗೆ, ಜರ್ಮನರ ಆಕ್ರಮಣದ ಕಾಲದಲ್ಲಿ ಲೂಸಿಯಾಂ ಲೆಲೋಂಗ್ ಅವರಲ್ಲಿ, ಕೆಲಸ ಮಾಡಿಕೊಂಡಿದ್ದವರು. ಹಣ ಹಾಕಿದವರು ಮಾರ್ಸೆಲ್ ಬುಸಾಕ್, ಫ್ರಾನ್ಸಿನ ದೊಡ್ಡ ಹತ್ತಿಬಟ್ಟೆ ಗಿರಣಿಗಳ ಒಡೆಯ. ಸ್ಕರ್ಟಿಗೆ ಹೆಚ್ಚು ಬಟ್ಟೆ ಹಿಡಿಯುವ ವಿನ್ಯಾಸದ ಹಿಂದೆ ಗಿರಣಿ ಮಾಲೀಕ ನಿಂತಿದ್ದ ಎಂಬುದನ್ನು ನಾವು ಮರೆಯಬಾರದು. ಅಮೆರಿಕದ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಈ ಸಂಗ್ರಹವನ್ನು ‘ನ್ಯೂ ಲುಕ್’ ಎಂದು ಕರೆದರು. ಡಿಯೋರ್ ಇಟ್ಟಿದ್ದ ಹೆಸರು ‘ಕೊರೋಲ್’, ಹೂವಿನ ದಳಗಳ ಸುತ್ತು. ಜಗತ್ತು ಇಟ್ಟುಕೊಂಡದ್ದು ಸ್ನೋ ಕೊಟ್ಟ ಹೆಸರನ್ನು. ಈ ಸಂಗ್ರಹದಲ್ಲಿದ್ದ ನಮ್ಮ ಸೂಟಿನ ‘ಬಾರ್’ ಎಂಬ ಹೆಸರು ಅದೇ ರಸ್ತೆಯಲ್ಲಿದ್ದ ಪ್ಲಾಜಾ ಅಥೆನೆ ಹೋಟೆಲಿನ ಬಾರಿನಿಂದ ಬಂತು ಎನ್ನುತ್ತಾರೆ. ಮಧ್ಯಾಹ್ನದ ಮೇಲೆ ಅಲ್ಲಿ ಕುಳಿತುಕೊಳ್ಳಲು ತೊಡುವ ಉಡುಪು.

ಆ ಕಾಲಕ್ಕೆ ಬಟ್ಟೆ ಎಷ್ಟು ಅಪರೂಪವಾಗಿತ್ತು ಎಂದು ತಿಳಿಯದೆ ಈ ಸ್ಕರ್ಟಿನ ನೆರಿಗೆ ಅರ್ಥವಾಗುವುದಿಲ್ಲ. ಬ್ರಿಟನ್ನಿನಲ್ಲಿ 1941ರ ಜೂನ್ 1ರಂದು ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ತಲೆಗೆ 66 ಕೂಪನ್, ಮುಂದೆ ಅದೂ ಇಳಿಯಿತು. ರೇಷನ್ ತೆಗೆದದ್ದು 1949ರ ಮಾರ್ಚಿನಲ್ಲಿ. ಅಮೆರಿಕದಲ್ಲಿ 1942ರ ಎಲ್-85 ಎಂಬ ಆಜ್ಞೆ ಹೆಂಗಸರ ಉಡುಪಿನ ಉದ್ದಗಲಕ್ಕೇ ಮಿತಿ ಹಾಕಿತ್ತು. ನಮ್ಮಲ್ಲಿಯೂ 1943ರಿಂದ ಬಟ್ಟೆ ಮತ್ತು ನೂಲಿಗೆ ನಿಯಂತ್ರಣದ ಆಜ್ಞೆ ಇತ್ತು. ಹಿರಿಯರ ಬಾಯಲ್ಲಿ ‘ಕಂಟ್ರೋಲ್ ಕಾಲ’ ಎಂದು ಉಳಿದದ್ದು ಅದೇ. ಮೈಸೂರು ಸೀಮೆಯ ರೇಷ್ಮೆಗೆ ಪ್ಯಾರಾಚೂಟಿನ ಬೇಡಿಕೆ ಬಂದದ್ದೂ ಆ ಯುದ್ಧದಲ್ಲೇ. ಆದ್ದರಿಂದ ಕೂಪನ್ ಎಣಿಸಿ ಮಕ್ಕಳಿಗೆ ಅಂಗಿ ಹೊಲಿಸುತ್ತಿದ್ದ ತಾಯಂದಿರ ಕಣ್ಣಿಗೆ, ಗಜಗಟ್ಟಲೆ ಬಟ್ಟೆ ಸುರಿದು ಹೊಲಿದ ಸ್ಕರ್ಟು ಹೇಗೆ ಕಂಡಿರಬೇಕು?

ಸಿಟ್ಟು ಬಂತು. ಪ್ಯಾರಿಸಿನ ಮೊಂಮಾರ್ತ್ರ್ ಬೆಟ್ಟದ ಲೆಪಿಕ್ ಬೀದಿಯ ಸಂತೆಗೆ ಈ ಉಡುಪು ತೊಟ್ಟ ಮಾಡೆಲ್‌ಗಳನ್ನು ಫೋಟೊ ತೆಗೆಯಲು ಕರೆದೊಯ್ದಾಗ, ಅಲ್ಲಿನ ಹೆಂಗಸರು ಒಬ್ಬಳ ಉಡುಪನ್ನು ಹಿಡಿದೆಳೆದು ಹರಿದರು. ಆ ಚಿತ್ರಗಳು ಉಳಿದಿವೆ. ಅಮೆರಿಕದಲ್ಲಿ ಹೆಂಗಸರು ಫಲಕ ಹಿಡಿದು ನಿಂತರು. ಸ್ಕರ್ಟ್ ಉದ್ದವಾಗುವುದನ್ನು ವಿರೋಧಿಸಿ ಸಂಘಗಳೇ ಹುಟ್ಟಿದವು. ಬ್ರಿಟನ್ನಿನ ಮಂತ್ರಿ ಸ್ಟಾಫರ್ಡ್ ಕ್ರಿಪ್ಸ್, ಸ್ವಾತಂತ್ರ್ಯದ ಮಾತುಕತೆಗೆ ನಮ್ಮ ದೇಶಕ್ಕೆ ಬಂದಿದ್ದರಲ್ಲ ಅವರೇ, ಉದ್ದ ಸ್ಕರ್ಟಿನ ವಿರುದ್ಧ ಮಾತಾಡಿದರು. ಲೆಪಿಕ್ ಬೀದಿಯ ಹೆಂಗಸರ ಸಿಟ್ಟು ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ಹಾಗೆಯೇ ಐದಾರು ವರ್ಷ ಸಮವಸ್ತ್ರದಂಥ ಚೌಕ ಭುಜದ ಕೋಟು ತೊಟ್ಟು ದಣಿದ ಹೆಣ್ಣೊಬ್ಬಳು ಈ ಸೂಟನ್ನು ಕಂಡು ಆಸೆಪಟ್ಟಿದ್ದರೆ ಅದನ್ನು ಹಗುರವಾಗಿ ಕಾಣಲಾರೆ. ಡಿಯೋರ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವುದೂ ಇದನ್ನೇ: ಸೈನಿಕರಂತಾಗಿದ್ದ ಹೆಂಗಸರನ್ನು ಮತ್ತೆ ಹೂವಿನಂತೆ ಕಾಣಿಸಬೇಕೆಂಬ ಹಂಬಲ. ಈ ಮಾತನ್ನು ಬರೀ ವ್ಯಾಪಾರದ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅವರ ತಂಗಿ ಕ್ಯಾಥರೀನ್ ನಾಜಿಗಳ ವಿರುದ್ಧದ ಪ್ರತಿರೋಧದಲ್ಲಿ ಕೆಲಸ ಮಾಡಿ, 1944ರಲ್ಲಿ ಸೆರೆಯಾಗಿ, ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಸಾಗಿಸಲ್ಪಟ್ಟು, 1945ರ ಮೇ ತಿಂಗಳಲ್ಲಿ ಮರಳಿದ್ದರು. ಮುಂದೆ ಅವರು ಮಾಡಿದ ಉದ್ಯೋಗ ಹೂವಿನ ವ್ಯಾಪಾರ.

ಈಗ ಜಾಕೆಟ್ಟನ್ನು ದರ್ಜಿಯ ಕಣ್ಣಿನಿಂದ ನೋಡೋಣ. ಬಟ್ಟೆ ಶಾಂಟಂಗ್ ರೇಷ್ಮೆ. ನೂಲಿನಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳು ಉಳಿದು, ಮೇಲ್ಮೈ ಸ್ವಲ್ಪ ಒರಟಾಗಿ ಕಾಣುವ ಬಟ್ಟೆ. ಕೋಟಿನ ಹೊಲಿಗೆಗೆ ದರ್ಜಿಗಳು ಸಾಮಾನ್ಯವಾಗಿ ಬಯಸುವುದು ಉಣ್ಣೆಯನ್ನು. ಉಣ್ಣೆಗೆ ಆವಿ ಕೊಟ್ಟು ಇಸ್ತ್ರಿ ಒತ್ತಿದರೆ ಅದು ಕುಗ್ಗುತ್ತದೆ, ಹಿಗ್ಗುತ್ತದೆ, ಹೇಳಿದ ಕಡೆ ಬಾಗುತ್ತದೆ. ರೇಷ್ಮೆ ಹಾಗೆ ಮಾತು ಕೇಳುವುದಿಲ್ಲ. ಇಸ್ತ್ರಿಯ ಗುರುತು ಉಳಿದುಬಿಡುತ್ತದೆ, ಒಮ್ಮೆ ಹಾಕಿದ ಹೊಲಿಗೆಯನ್ನು ಬಿಚ್ಚಿದರೆ ಸೂಜಿಯ ತೂತು ಕಾಣುತ್ತದೆ. ಅಂಥ ಬಟ್ಟೆಯನ್ನು ಭುಜದ ಮೇಲೆ ದುಂಡಗೆ ಇಳಿಸಿ, ಸೊಂಟದಲ್ಲಿ ಬಿಗಿದು, ಅಲ್ಲಿಂದ ಕೆಳಗೆ ಇದ್ದಕ್ಕಿದ್ದಂತೆ ಹೊರಕ್ಕೆ ಹೊಮ್ಮಿಸಬೇಕು. ಆ ಹೊಮ್ಮುವ ಅಂಚಿನಲ್ಲಿ, ಸೊಂಟದ ಕೆಳಗೆ, ಒಳಗಡೆ ಹತ್ತಿ ತುಂಬಿದ ಪದರಗಳಿವೆ. ಹೊರಗಿನಿಂದ ನೋಡಿದರೆ ಅದು ಮೈಯ ಆಕಾರ. ಒಳಗೆ ಕೈಯಾಡಿಸಿದರೆ ಹೊಲಿಗೆಯವರು ಕಟ್ಟಿದ ಆಕಾರ. ಆಗ ಡಿಯೋರ್ ಬಳಿ ದರ್ಜಿಯಾಗಿದ್ದ ಇಪ್ಪತ್ತೈದು ದಾಟದ ಪಿಯೇರ್ ಕಾರ್ಡಾಂ, ಮುಂದೆ ಜಗತ್ಪ್ರಸಿದ್ಧರಾದವರು, ಈ ಜಾಕೆಟ್ಟಿನ ಹೊಲಿಗೆಯಲ್ಲಿ ಕೈಯಿಟ್ಟಿದ್ದರು. ಸೊಂಟಕ್ಕೆ ತುಂಬಲು ಔಷಧದಂಗಡಿಯ ಹತ್ತಿ ತಂದರೆಂಬ ಕತೆಯೂ ಇದೆ.

ಸ್ಕರ್ಟಿನ ಒಳಗೂ ಇಂಥದೇ ಕೆಲಸ. ಹೆಚ್ಚುಕಡಿಮೆ ಬಟ್ಟೆಗಳೆಲ್ಲಕ್ಕೂ ಪರ್ಕೇಲ್ ಎಂಬ ಹತ್ತಿಬಟ್ಟೆಯ ಅಥವಾ ಟಾಫೆಟಾದ ಲೈನಿಂಗ್ ಕೊಟ್ಟು, ಎಷ್ಟೋ ಕಾಲದಿಂದ ಬಿಟ್ಟುಹೋಗಿದ್ದ ಪದ್ಧತಿಯನ್ನು ಮತ್ತೆ ತಂದೆನೆಂದು ಡಿಯೋರ್ ಹೆಮ್ಮೆಯಿಂದ ಬರೆದಿದ್ದಾರೆ. ಅವರ ಉಡುಪುಗಳು ತಮ್ಮಷ್ಟಕ್ಕೆ ತಾವೇ ಆಕಾರ ಹಿಡಿದು ನಿಲ್ಲುತ್ತಿದ್ದುದಕ್ಕೆ ಅದೇ ಕಾರಣ. ಇದರ ಕೆಳಗೆ, ಮೈಗೆ ಅಂಟಿಕೊಂಡು, ಇನ್ನೊಂದು ಒಳಉಡುಪು: ಸೊಂಟವನ್ನು ಬಿಗಿಯುವ ಗೆಪಿಯೇರ್ ಎಂಬ ಪಟ್ಟಿ. ಯುದ್ಧ ಮುಗಿದ ಹೊತ್ತಿಗೆ ಅದನ್ನು ಬಳಕೆಗೆ ತಂದವರು ಮಾರ್ಸೆಲ್ ರೋಷಾ. ‘ಬಾರ್’ ಸೂಟಿನ ಸೊಂಟ ಅದನ್ನು ನಂಬಿಕೊಂಡೇ ಕತ್ತರಿಸಿದ್ದು. ಆದರೆ ಸೂಟಿನ ಚಿತ್ರಗಳಲ್ಲಿ ಅದು ಕಾಣುವುದಿಲ್ಲ. ಉಸಿರನ್ನು ಹಿಡಿದಿಡುವ ಆ ಪಟ್ಟಿಯೇ ಈ ಉಡುಪಿನ ಅತಿ ಮುಖ್ಯವಾದ ಜೊತೆವಸ್ತು.

ಕಣ್ಣಿಗೆ ಕಾಣುವ ಜೊತೆವಸ್ತುಗಳ ಮಾತಿಗೆ ಬರುತ್ತೇನೆ. ನಮ್ಮ ಮನಸ್ಸಿನಲ್ಲಿ ಈ ಸೂಟಿನ ಚಿತ್ರ ಕೂತಿರುವುದು ಛಾಯಾಗ್ರಾಹಕ ವಿಲಿ ಮೇವಾಲ್ಡ್ ತೆಗೆದ ಫೋಟೊದಿಂದ. ಸೇನ್ ನದಿಯ ದಂಡೆ. ಒಂದು ಕಡೆಗೆ ವಾಲಿದ ಅಗಲ ಹ್ಯಾಟು, ಕಪ್ಪು ಕೈಗವಸು, ಮುಂದಿಟ್ಟ ಕಾಲಿನಲ್ಲಿ ಕಪ್ಪು ಶೂ. ಮ್ಯೂಸಿಯಂಗೆ ಬಂದವರು ಆ ಫೋಟೊವನ್ನು ಕಣ್ಣಲ್ಲಿಟ್ಟುಕೊಂಡೇ ಬರುತ್ತಾರೆ. ಹ್ಯಾಟಿಲ್ಲದೆ, ಕೈಗವಸಿಲ್ಲದೆ ನಿಲ್ಲಿಸಿದರೆ ಏನೋ ಕೊರತೆ ಎನ್ನಿಸುತ್ತದೆ. ಆದ್ದರಿಂದ ಪ್ರದರ್ಶನ ಏರ್ಪಡಿಸುವವರು ಅದೇ ಕಾಲದ, ಅದೇ ರೀತಿಯ ಹ್ಯಾಟು, ಶೂಗಳನ್ನು ಸಂಗ್ರಹದ ಬೇರೆ ಕಪಾಟಿನಿಂದ ತೆಗೆದು ಜೋಡಿಸುವುದುಂಟು, ಹೊಸದಾಗಿ ಮಾಡಿಸುವುದೂ ಉಂಟು. ಹ್ಯಾಟು, ಕೈಗವಸು, ಶೂ ಎಲ್ಲವೂ ಬೇರೆ ಬೇರೆ ಕುಶಲಕರ್ಮಿಗಳ ಕೆಲಸ. ಡಿಯೋರ್ ಅವರಲ್ಲಿ ಹ್ಯಾಟುಗಳ ಹೊಣೆ ಹೊತ್ತಿದ್ದವರು ಮಿಟ್ಸಾ ಬ್ರಿಕಾರ್ ಎಂಬ ಮಹಿಳೆ. ಆಕೆಯ ಹೆಸರು ಉಡುಪಿನ ಇತಿಹಾಸ ಓದಿದವರಿಗಷ್ಟೇ ಗೊತ್ತು, ಡಿಯೋರ್ ಹೆಸರು ಎಲ್ಲರಿಗೂ ಗೊತ್ತು. ಗಾಜಿನ ಪಕ್ಕದ ಫಲಕದಲ್ಲಿ ಹ್ಯಾಟಿಗೊಂದು ಸಾಲು ಸಿಗದಿದ್ದರೆ ನನಗೆ ಸಂಕಟವಾಗುತ್ತದೆ.

ಜೊತೆವಸ್ತುಗಳು ಇತಿಹಾಸವನ್ನು ಉಡುಪಿಗಿಂತ ಖಚಿತವಾಗಿ ಹೇಳುವುದೂ ಇದೆ. ಯುದ್ಧಕಾಲದ ಬ್ರಿಟನ್ನಿನಲ್ಲಿ ಶೂಗಳಿಗೆ, ಕೈಗವಸುಗಳಿಗೆ ಕೂಪನ್ ಬೇಕಿತ್ತು, ಹ್ಯಾಟಿಗೆ ಬೇಕಿರಲಿಲ್ಲ. ಹಳೆಯ ಕೋಟಿನ ಮೇಲೆ ಹೊಸ ಹ್ಯಾಟು ಇಟ್ಟು ಹೊರಟ ಹೆಂಗಸಿನ ಚಿತ್ರ ಕಂಡರೆ ಅದಕ್ಕೆ ಈ ಕಾರಣವೂ ಇರಬಹುದು. ಕಾಲುಚೀಲ ಸಿಗದೆ, ಕಾಲಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಹೊಲಿಗೆಯ ಗೆರೆ ಎಳೆದುಕೊಂಡು ಹೊರಟವರಿದ್ದರು. ಈ ವಿವರಗಳು ಗೊತ್ತಿದ್ದರೆ ಮಾತ್ರ, 1947ರ ಸೂಟಿನ ಜೊತೆಗೆ ಹೊಂದಿಕೆಯಾಗುವ ಕೈಗವಸು, ಶೂ, ಕಾಲುಚೀಲ ಎಲ್ಲವನ್ನೂ ಒಂದೇ ಸಲ ತೊಡುವುದು ಎಷ್ಟು ದೊಡ್ಡ ಸಿರಿವಂತಿಕೆ ಎಂದು ಗೊತ್ತಾಗುವುದು.

ಇನ್ನೊಂದು ಜೊತೆವಸ್ತುವಿದೆ, ಅದನ್ನು ಗಾಜಿನೊಳಗೆ ಇಡುವುದು ಸಾಧ್ಯವಿಲ್ಲ. ಆ ಫೆಬ್ರುವರಿಯ ಪ್ರದರ್ಶನದ ಕೋಣೆಗಳಿಗೆ ‘ಮಿಸ್ ಡಿಯೋರ್’ ಎಂಬ ಹೊಸ ಸುಗಂಧವನ್ನು ಸಿಂಪಡಿಸಿದ್ದರು. ಆ ಹೆಸರು ತಂಗಿ ಕ್ಯಾಥರೀನ್ ಅವರನ್ನು ನೆನೆದು ಇಟ್ಟದ್ದು. ಸೂಟನ್ನು ಮೊದಲು ಕಂಡವರು ಆ ವಾಸನೆಯ ನಡುವೆ ಕುಳಿತು ಕಂಡರು. ಸುಗಂಧಗಳ ಹಳೆಯ ಸೂತ್ರಗಳನ್ನು ಉಳಿಸಲೆಂದೇ 1990ರಲ್ಲಿ ವೆರ್ಸಾಯ್‌ನಲ್ಲಿ ಓಸ್ಮೊತೆಕ್ ಎಂಬ ಸಂಸ್ಥೆ ಹುಟ್ಟಿತು. ರೇಷ್ಮೆ ಒಂದು ದೇಶದ ಮ್ಯೂಸಿಯಂನಲ್ಲಿ, ವಾಸನೆ ಇನ್ನೊಂದು ದೇಶದ ಭಂಡಾರದಲ್ಲಿ.

ಸಂರಕ್ಷಣೆಯ ಕೆಲಸವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುತ್ತೇನೆ, ವಿದ್ಯಾರ್ಥಿಗಳು ಕೇಳಿಸಿಕೊಳ್ಳಬೇಕು. ರೇಷ್ಮೆಗೆ ಬೆಳಕು ಶತ್ರು. ಬೆಳಕಿನಿಂದ ಆದ ಹಾನಿ ಕೂಡುತ್ತಾ ಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಅದಕ್ಕೆ ಬಟ್ಟೆಯ ಪ್ರದರ್ಶನಗಳಲ್ಲಿ ಬೆಳಕನ್ನು 50 ಲಕ್ಸ್ ಆಸುಪಾಸಿಗೆ ಇಳಿಸುತ್ತಾರೆ, ಕೆಲವು ತಿಂಗಳಾದ ಮೇಲೆ ವಸ್ತುವನ್ನು ಕತ್ತಲಿಗೆ ಮರಳಿಸುತ್ತಾರೆ. ಉಣ್ಣೆಗೆ ನುಸಿಯ ಕಾಟ. ಮಡಿಕೆಗಳ ನಡುವೆ ಆಮ್ಲವಿಲ್ಲದ ಕಾಗದ ತುಂಬಿಡಬೇಕು. ಬೊಂಬೆಗೆ ತೊಡಿಸುವಾಗ ಉಡುಪನ್ನು ಬೊಂಬೆಗೆ ಹೊಂದಿಸುವಂತಿಲ್ಲ, ಉಡುಪಿನ ಅಳತೆಗೆ ಬೊಂಬೆಯನ್ನೇ ಕೆತ್ತಿ, ತುಂಬಿ, ಒಳಲಂಗ ಹೊಲಿದು ಸಿದ್ಧಪಡಿಸಬೇಕು. ಜೀವಂತ ಮೈಗೆ ತೊಡಿಸುವ ಪ್ರಶ್ನೆಯೇ ಇಲ್ಲ. ನಟಿ ಮರ್ಲಿನ್ ಮನ್ರೋ ಹಿಂದೆ ತೊಟ್ಟಿದ್ದ ಉಡುಪನ್ನು 2022ರಲ್ಲಿ ಟಿ.ವಿ. ತಾರೆಯೊಬ್ಬರು ಸಮಾರಂಭಕ್ಕೆ ತೊಟ್ಟಾಗ, ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿಯ ಉಡುಪಿನ ಸಮಿತಿ ಬಹಿರಂಗವಾಗಿ ಆಕ್ಷೇಪಿಸಿತು. ಅದು ಖಾಸಗಿ ಸಂಗ್ರಹದ ಉಡುಪು, ಸಂಜೆಯ ಉಡುಪು. ಆದರೂ ಆಕ್ಷೇಪ ಸರಿಯಾಗಿತ್ತು.

ಇಲ್ಲಿಗೆ 1969ರ ಸ್ಕರ್ಟಿನ ಪ್ರಶ್ನೆಗೆ ಬರಬಹುದು. ಅದು ನಕಲಿಯೇ? ಕೆಲವರು ಹಾಗೆನ್ನಬಹುದು. ನನ್ನ ಅಭಿಪ್ರಾಯ ಬೇರೆ. ಸಾಮಾನ್ಯವಾಗಿ ಸ್ಕರ್ಟು, ಲಂಗಗಳು ಜಾಕೆಟ್ಟು, ರವಿಕೆಗಳಷ್ಟು ಸುಲಭವಾಗಿ ಉಳಿಯುವುದಿಲ್ಲ. ಸ್ಕರ್ಟಿನಲ್ಲಿ ಬಟ್ಟೆ ಹೆಚ್ಚು. ಕಾಲ ಬದಲಾದಂತೆ ಅದನ್ನು ಬಿಚ್ಚಿ, ಗಿಡ್ಡ ಮಾಡಿ, ಮಗಳಿಗೊಂದು ಉಡುಪು ಹೊಲಿಯುತ್ತಾರೆ. ಕತ್ತರಿಸಿ, ಡಾರ್ಟ್ ಹಾಕಿ, ಕಾಜಾ ಮಾಡಿದ ಜಾಕೆಟ್ಟಿನಿಂದ ಇನ್ನೊಂದು ಉಡುಪು ಹುಟ್ಟದು. ಹಾಗಾಗಿ ಅದು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಜಾಕೆಟ್ ಒಂದೇ ಉಳಿದಾಗ ಮ್ಯೂಸಿಯಂ ಮುಂದೆ ಎರಡು ದಾರಿ: ಅರ್ಧ ಉಡುಪನ್ನೇ ತೋರಿಸುವುದು, ಇಲ್ಲವೇ ಉಳಿದರ್ಧವನ್ನು ಮಾಡಿಸುವುದು. ಮಾಡಿಸುವುದಾದರೆ ಅದೇ ಸಂಸ್ಥೆಯ ಹೊಲಿಗೆಯವರು ಹಳೆಯ ವಿನ್ಯಾಸ ಹಿಡಿದು ಮಾಡಿದ್ದಕ್ಕಿಂತ ಒಳ್ಳೆಯದು ಇನ್ನಾವುದಿದೆ? ಸೊಂಟದಿಂದ ಹೊಮ್ಮಿದ ಜಾಕೆಟ್ಟಿನ ಅಂಚು ಯಾವುದರ ಮೇಲೆ ಕೂರಬೇಕೆಂದು ಕತ್ತರಿಸಿತ್ತೋ, ಅದು ಕೆಳಗಿಲ್ಲದಿದ್ದರೆ ಆ ಅಂಚಿಗೇ ಅರ್ಥವಿಲ್ಲ. ನಾನು ಕೇಳುವುದಿಷ್ಟೇ: ಎರಡು ಇಸವಿಗಳನ್ನೂ ಎದುರಿಗೆ, ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮೆಟ್ರೊಪಾಲಿಟನ್ ದಾಖಲೆಯಲ್ಲಿ ಅವು ಇವೆ. ಅಲ್ಲಿಂದ ಚಿತ್ರವನ್ನು ಎತ್ತಿಕೊಂಡು ಅಚ್ಚು ಹಾಕುವ ಪುಸ್ತಕ, ಪತ್ರಿಕೆಗಳಲ್ಲಿ ‘ಡಿಯೋರ್, 1947’ ಎಂದಷ್ಟೇ ಉಳಿದುಬಿಟ್ಟರೆ, 1969ರಲ್ಲಿ ನೆರಿಗೆ ಹಿಡಿದವರ ಕೆಲಸ ಎರಡನೆಯ ಸಲ ಅಳಿಸಿಹೋಗುತ್ತದೆ.

ನಮ್ಮ ಕಡೆಗೆ ಒಂದು ಮಾತು. ಇಳಕಲ್ ಸೀರೆಯನ್ನು ನಾವು ಜೋಪಾನ ಮಾಡುತ್ತೇವೆ, ಸರಿ. ಅದರ ಜೊತೆ ತೊಟ್ಟ ಗುಳೇದಗುಡ್ಡದ ಖಣದ ಕುಪ್ಪಸ ಎಲ್ಲಿ? ನೇಯ್ದ ಊರನ್ನು ಬರೆದಿಡುತ್ತೇವೆ, ಕುಪ್ಪಸ ಹೊಲಿದವರ ಹೆಸರನ್ನು ಬರೆದಿಡುತ್ತೇವೆಯೇ? ಮೈಬೆವರಿನ ಕಲೆ, ಬಗಲಲ್ಲಿ ಬಿಟ್ಟು ಮತ್ತೆ ಹಾಕಿದ ಹೊಲಿಗೆ, ಮೈ ತುಂಬಿದಾಗ ಬಿಚ್ಚಲೆಂದು ಒಳಗೆ ಮಡಿಸಿಟ್ಟ ಹೆಚ್ಚುವರಿ ಬಟ್ಟೆ, ಇವೆಲ್ಲ ಇರುವುದು ಕುಪ್ಪಸದಲ್ಲಿ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಸಂಗ್ರಹಾಲಯಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ಉಡುಪೊಂದನ್ನು ಬರಮಾಡಿಕೊಳ್ಳುವಾಗ ತುಂಬುವ ನಮೂನೆಯಲ್ಲಿ ನಾಲ್ಕು ಕಾಲಂ ಹೆಚ್ಚು ಸೇರಿಸಿ: ಹೊಲಿದವರು ಯಾರು, ಯಾವ ಭಾಗ ಯಾವ ವರ್ಷದ್ದು, ಏನೇನನ್ನು ಯಾವಾಗ ಬಿಚ್ಚಿ ಸರಿಪಡಿಸಿದರು, ಇದರ ಜೊತೆ ಏನೇನು ತೊಡುತ್ತಿದ್ದರು. ಕೊಡಲು ಬಂದವರನ್ನು ಕೂರಿಸಿ ಕೇಳಿದರೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ. ವಯಸ್ಸಾದವರಾದರೆ ಇನ್ನೂ ಬೇಗ ಕೇಳಬೇಕು. ಈ ದತ್ತಿಯ ಹಣದಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ಇಂಥ ಒಂದು ಉಡುಪಿನ ಪೂರ್ತಿ ದಾಖಲೆ ಬರೆಯುವ ಕೆಲಸ ಕೊಡಬೇಕೆಂದು ಕುಟುಂಬದವರನ್ನೂ ಅಧ್ಯಕ್ಷರನ್ನೂ ಕೇಳಿಕೊಳ್ಳುತ್ತೇನೆ. ಮೊದಲನೆಯ ವರ್ಷ ಈ ತಾಯಿಯವರೇ ಹೊಲಿದ ಒಂದು ರವಿಕೆಯಿಂದ ಶುರುಮಾಡಬಹುದು.